ಪಿಎಸ್‌5 ಜೋಡಿಸೂದು ಸುಲಭ, ಟಿವಿ ಮೆನುದಾಗ ಐತಿ ಮಜಾ

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಶೋರೂಮಿನಿಂದ 55 ಇಂಚಿನ ಓಎಲ್‌ಇಡಿ ಟಿವಿ ಮನೆಗೆ ಬರುತ್ತದೆ. ಫಿಟ್ಟಿಂಗಿಗೆ ಬಂದ ಹುಡುಗ ಗೋಡೆಗೆ ಸ್ಕ್ರೂ ಬಿಗಿದು, ಸೆಟ್‌ಟಾಪ್ ಬಾಕ್ಸ್ ಜೋಡಿಸಿ, ‘ಎಲ್ಲಾ ಆತ್ರೀ ಸರ್’ ಎಂದು ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಮನೆಯ ಮಗ ಪಿಎಸ್‌5 (ಗೇಮ್ ಆಡುವ ಕನ್ಸೋಲ್, ಸೋನಿ ಪ್ಲೇಸ್ಟೇಷನ್ 5) ಕೇಬಲನ್ನು ಕೈಗೆ ಸಿಕ್ಕ ಪೋರ್ಟಿಗೆ ಚುಚ್ಚುತ್ತಾನೆ. ಚಿತ್ರ ಬಂತು, ಎಲ್ಲರೂ ಖುಷಿ.

ವಿದ್ಯಾನಗರ, ಕೇಶ್ವಾಪುರ, ಆ ಕಡೆ ಧಾರವಾಡದ ಸಪ್ತಾಪುರ – ಪರಿಚಯದವರ ಎಷ್ಟೋ ಮನೆಗಳಲ್ಲಿ ಇದೇ ಕಥೆ. 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸಬಲ್ಲ ಪರದೆ 60ರಲ್ಲೇ ಓಡುತ್ತಿರುತ್ತದೆ, ಬೆಳಕು–ನೆರಳಿನ ವಿವರ ಹೆಚ್ಚಿಸುವ ಎಚ್‌ಡಿಆರ್ ಆಫ್ ಇರುತ್ತದೆ. ಕ್ರಿಕೆಟ್ ಗೇಮಿನಲ್ಲಿ ಬಟನ್ ಒತ್ತಿ ಬ್ಯಾಟು ಏಳುವುದರೊಳಗೆ ಬೇಲ್ಸ್ ಹಾರಿರುತ್ತವೆ. ‘ಇಷ್ಟ್ ರೊಕ್ಕಾ ಕೊಟ್ಟ ತಂದೇವಿ, ಹಳೇ ಟಿವಿಗೂ ಇದಕ್ಕೂ ಏನ್ ಫರಕ್ ಐತ್ರಿ?’ ಎಂದು ಕೇಳುವವರಿಗಾಗಿ ಈ ಲೇಖನ.

1. ಮೊದಲು ಜಾಗ. ಕನ್ಸೋಲಿನ ಸುತ್ತ ಗೋಡೆಯಿಂದ ಕನಿಷ್ಠ 10 ಸೆಂಟಿಮೀಟರ್ ಬಿಡಿ. ಮಿಸ್ತ್ರಿ ಚಂದಗೆ ಮಾಡಿಕೊಟ್ಟ ಗಾಜಿನ ಬಾಗಿಲಿನ ಟಿವಿ ಯೂನಿಟ್ ಒಳಗೆ ಇಡಬೇಡಿ. ಏಪ್ರಿಲ್ ತಿಂಗಳಲ್ಲಿ ಅದರೊಳಗೆ ಫ್ಯಾನು ಬೊಬ್ಬೆ ಹೊಡೆಯುವುದು ಹಾಲ್‌ಗೆಲ್ಲ ಕೇಳುತ್ತದೆ. ನಮ್ಮ ರಸ್ತೆಗಳ ಧೂಳು ಗೊತ್ತೇ ಇದೆ, ತಿಂಗಳಿಗೊಮ್ಮೆ ಗಾಳಿಕಿಂಡಿ ಒರೆಸಿ.

2. ಕೇಬಲ್. ಪಿಎಸ್‌5 ಬಾಕ್ಸಿನಲ್ಲಿ ಬಂದಿರುವ ಎಚ್‌ಡಿಎಂಐ ಕೇಬಲನ್ನೇ (ಚಿತ್ರ, ಧ್ವನಿ ಎರಡನ್ನೂ ಒಯ್ಯುವುದು) ಹಾಕಿ. ಅದು ಅಲ್ಟ್ರಾ ಹೈಸ್ಪೀಡ್ ದರ್ಜೆಯದು, ಸೆಕೆಂಡಿಗೆ 48 ಗಿಗಾಬಿಟ್ ಹೊರಬಲ್ಲದು. ಹಳೆಯ ಎಚ್‌ಡಿಎಂಐ 2.0 ಲೆಕ್ಕದಲ್ಲಿ ಮಾಡಿದ ಕೇಬಲ್ 18ಕ್ಕೇ ನಿಲ್ಲುತ್ತದೆ. ಬಂಗಾರದ ಲೇಪ, ಹೆಣೆದ ದಾರದ ಹೊದಿಕೆ, ಮೇಲೆ ‘8ಕೆ’ ಎಂಬ ದೊಡ್ಡ ಅಕ್ಷರ – ಇವಕ್ಕೆ ಮರುಳಾಗಿ ರೊಕ್ಕ ಸುರಿಯಬೇಡಿ. ಬೇರೆ ಕೊಳ್ಳಲೇಬೇಕಾದರೆ ಪೊಟ್ಟಣದ ಮೇಲೆ ಫೋನಿನಿಂದ ಸ್ಕ್ಯಾನ್ ಮಾಡಬಹುದಾದ ಸರ್ಟಿಫಿಕೇಷನ್ ಲೇಬಲ್ ಇದೆಯೇ ನೋಡಿ. ಲೇಬಲ್ ಇಲ್ಲವೆಂದರೆ ಮುಟ್ಟಲೇಬೇಡಿ.

ಹೊಸ ಅಪಾರ್ಟ್‌ಮೆಂಟುಗಳಲ್ಲಿ ಇನ್ನೊಂದು ತಾಪತ್ರಯ. ಇಂಟೀರಿಯರ್ ಮಾಡುವಾಗಲೇ ಎಲೆಕ್ಟ್ರಿಷಿಯನ್ ಗೋಡೆಯೊಳಗಿನ ಪೈಪಿನಲ್ಲಿ ಹತ್ತು ಮೀಟರ್ ಕೇಬಲ್ ಎಳೆದು ಪ್ಲಾಸ್ಟರ್ ಮಾಡಿಸಿರುತ್ತಾನೆ. ಅದರಲ್ಲಿ ಸೆಟ್‌ಟಾಪ್ ಬಾಕ್ಸ್ ಚೆನ್ನಾಗಿಯೇ ನಡೆಯುತ್ತದೆ, 4ಕೆ 120 (4ಕೆ ಸ್ಪಷ್ಟತೆಯ ಚಿತ್ರ, 120 ಹರ್ಟ್ಸ್‌ನಲ್ಲಿ) ಮಾತ್ರ ಮಿಣುಕಿ ಮಿಣುಕಿ ಕಪ್ಪಾಗುತ್ತದೆ. ಅಷ್ಟು ಉದ್ದಕ್ಕೆ ಫೈಬರ್ ಆಪ್ಟಿಕ್ ಎಚ್‌ಡಿಎಂಐ ಬೇಕು. ಅದಕ್ಕೆ ದಿಕ್ಕೂ ಉಂಟು: ಒಂದು ತುದಿ ಕನ್ಸೋಲಿಗೆ, ಇನ್ನೊಂದು ಟಿವಿಗೆ ಎಂದು ಬರೆದಿರುತ್ತದೆ. ಉಲ್ಟಾ ಎಳೆದು ಪ್ಯಾನೆಲ್ ಮುಚ್ಚಿಸಿದರೆ ಮತ್ತೆ ಬಿಚ್ಚಿಸಬೇಕಾದೀತು. ನನ್ನನ್ನು ಕೇಳಿದರೆ ಕನ್ಸೋಲನ್ನೇ ಟಿವಿಯ ಹತ್ತಿರ ಇಡಿ, ಇಷ್ಟೆಲ್ಲ ಉಸಾಬರಿ ಬೇಡ.

ಕೇಬಲ್ ಹಾಕುವಾಗ ಎರಡರ ಪ್ಲಗ್ಗನ್ನೂ ಸಾಕೆಟ್ಟಿನಿಂದ ತೆಗೆದಿಡಿ. ಪೋರ್ಟಿಗೆ ನೇರವಾಗಿ ಒತ್ತಿ, ಅಲುಗಾಡಿಸಬೇಡಿ. ರಿಪೇರಿಗೆ ಬರುವ ಕನ್ಸೋಲುಗಳಲ್ಲಿ ಎಚ್‌ಡಿಎಂಐ ಪೋರ್ಟಿನ ಪಿನ್ ಬಾಗಿದವು ಸಾಮಾನ್ಯ.

3. ಯಾವ ಪೋರ್ಟ್? ಟಿವಿಯಲ್ಲಿ ನಾಲ್ಕು ಕಿಂಡಿಗಳಿದ್ದ ಮಾತ್ರಕ್ಕೆ ನಾಲ್ಕೂ ಒಂದೇ ಅಲ್ಲ. ಎಲ್‌ಜಿಯ ಸಿ ಸರಣಿಯ ಓಎಲ್‌ಇಡಿಯಲ್ಲಿ ನಾಲ್ಕೂ ಹೊಸ, ವೇಗದ ಎಚ್‌ಡಿಎಂಐ 2.1, ಚಿಂತೆಯಿಲ್ಲ. ಸೋನಿ ಬ್ರಾವಿಯಾದ ಹಲವು ಮಾದರಿಗಳಲ್ಲಿ 3 ಮತ್ತು 4ನೇ ಪೋರ್ಟ್ ಮಾತ್ರ 4ಕೆ 120 ತೆಗೆದುಕೊಳ್ಳುತ್ತವೆ, ಅದರಲ್ಲೂ 3ನೆಯದು ಟಿವಿಯ ಧ್ವನಿಯನ್ನು ಸೌಂಡ್‌ಬಾರಿಗೆ ಕಳಿಸುವ ಇಆರ್ಕ್ ಪೋರ್ಟ್. ಅಂಥ ಟಿವಿಯಲ್ಲಿ ಸೌಂಡ್‌ಬಾರ್ 3ಕ್ಕೆ, ಕನ್ಸೋಲ್ 4ಕ್ಕೆ. ಸೆಟ್‌ಟಾಪ್ ಬಾಕ್ಸ್ ಆ 4ರಲ್ಲಿ ಮೊದಲೇ ಕೂತಿದ್ದರೆ ಮುಲಾಜಿಲ್ಲದೆ ಎಬ್ಬಿಸಿ 1ಕ್ಕೆ ಕಳಿಸಿ. ಪೋರ್ಟಿನ ಪಕ್ಕ ‘4ಕೆ 120 ಹರ್ಟ್ಸ್’ ಎಂದು ಸಣ್ಣಗೆ ಅಚ್ಚಾಗಿರುತ್ತದೆ. ಗೋಡೆಗೆ ಅಂಟಿದ ಟಿವಿಯ ಹಿಂದೆ ಇಣುಕಲಾಗದಿದ್ದರೆ ಫೋನನ್ನು ಸಂದಿಯಲ್ಲಿ ತೂರಿಸಿ ಫೋಟೊ ತೆಗೆಯಿರಿ.

4. ಎಲ್ಲರೂ ಎಡವುವುದು ಇಲ್ಲಿ. ಸರಿಯಾದ ಪೋರ್ಟಿಗೆ ಸರಿಯಾದ ಕೇಬಲ್ ಹಾಕಿದರೂ, ಬಹಳಷ್ಟು ಟಿವಿಗಳು ಆ ಪೋರ್ಟನ್ನು ಹಳೆಯ ವೇಗದಲ್ಲೇ ಇಟ್ಟಿರುತ್ತವೆ. ಹಳೆಯ ಡಿವಿಡಿ ಪ್ಲೇಯರ್, ಸೆಟ್‌ಟಾಪ್ ಬಾಕ್ಸುಗಳು ಹೊಸ ಸಿಗ್ನಲ್ ಕಂಡು ಗಲಿಬಿಲಿಗೊಳ್ಳದಿರಲಿ ಎಂದು ಕಂಪನಿಗಳು ಮಾಡಿದ ವ್ಯವಸ್ಥೆ. ನೀವಾಗಿ ಮೆನುವಿಗೆ ಹೋಗಿ ತೆರೆಯುವ ತನಕ ಪಿಎಸ್‌5ಗೆ ಈ ಟಿವಿ ಏನೇನು ಮಾಡಬಲ್ಲದು ಎಂಬುದೇ ತಿಳಿಯುವುದಿಲ್ಲ.

ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿರುವುದೇ ಫಜೀತಿ. ಸೋನಿಯಲ್ಲಿ ‘ಎಚ್‌ಡಿಎಂಐ ಸಿಗ್ನಲ್ ಫಾರ್ಮ್ಯಾಟ್’ಗೆ ಹೋಗಿ, ಕನ್ಸೋಲ್ ಇರುವ ಪೋರ್ಟ್ ಆರಿಸಿ, ‘ಎನ್‌ಹ್ಯಾನ್ಸ್‌ಡ್’ ಮಾಡಬೇಕು. ಅಲ್ಲೇ ವಿಆರ್‌ಆರ್ (ಗೇಮಿನ ವೇಗಕ್ಕೆ ತಕ್ಕಂತೆ ಪರದೆಯ ಹರ್ಟ್ಸ್ ಹೊಂದಿಸುವ ಸೌಲಭ್ಯ) ಸೇರಿದ ಇನ್ನೊಂದು ಆಯ್ಕೆ ಕಂಡರೆ ಅದನ್ನೇ ಒತ್ತಿ. ಸ್ಯಾಮ್‌ಸಂಗ್‌ನಲ್ಲಿ ‘ಎಕ್ಸ್‌ಟರ್ನಲ್ ಡಿವೈಸ್ ಮ್ಯಾನೇಜರ್’ ಒಳಗೆ ‘ಇನ್‌ಪುಟ್ ಸಿಗ್ನಲ್ ಪ್ಲಸ್’. ಎಲ್‌ಜಿಯಲ್ಲಿ ‘ಎಚ್‌ಡಿಎಂಐ ಡೀಪ್ ಕಲರ್’. ಪ್ರತಿ ಪೋರ್ಟಿಗೂ ಈ ಸ್ವಿಚ್ ಬೇರೆ ಬೇರೆ. ಪೋರ್ಟ್ 1ಕ್ಕೆ ಆನ್ ಮಾಡಿ, ಕನ್ಸೋಲನ್ನು 4ಕ್ಕೆ ಜೋಡಿಸಿ, ಅಂಗಡಿಯವನಿಗೆ ಬೈದವರೂ ಇದ್ದಾರೆ. ಬದಲಾಯಿಸಿದಾಗ ಪರದೆ ಒಂದೆರಡು ಕ್ಷಣ ಕಪ್ಪಾಗುತ್ತದೆ, ಗಾಬರಿಯಾಗಿ ಪ್ಲಗ್ ಕೀಳಬೇಡಿ.

ಈಗ ಪಿಎಸ್‌5ನ ಸೆಟ್ಟಿಂಗ್ಸ್‌ನಲ್ಲಿ ‘ಸ್ಕ್ರೀನ್ ಆ್ಯಂಡ್ ವಿಡಿಯೊ’, ಅದರೊಳಗೆ ‘ವಿಡಿಯೊ ಔಟ್‌ಪುಟ್’. ರೆಸಲ್ಯೂಷನ್, ವಿಆರ್‌ಆರ್, 120 ಹರ್ಟ್ಸ್ ಮೂರನ್ನೂ ಆಟೊಮ್ಯಾಟಿಕ್ ಇಡಿ. ಎಚ್‌ಡಿಆರ್‌ಗೆ ‘ಆನ್ ವೆನ್ ಸಪೋರ್ಟೆಡ್’. ಸದಾ ಆನ್ ಇಟ್ಟರೆ ಎಚ್‌ಡಿಆರ್ ಇಲ್ಲದ ಹಳೆಯ ಗೇಮುಗಳಿಗೂ ಅದರ ಬಣ್ಣ ಬಳಿಯುತ್ತದೆ. ಆಮೇಲೆ ‘ವಿಡಿಯೊ ಔಟ್‌ಪುಟ್ ಇನ್ಫರ್ಮೇಷನ್’ ತೆರೆಯಿರಿ. ಟಿವಿ ಏನೇನು ಒಪ್ಪುತ್ತದೆ ಎಂಬ ಪಟ್ಟಿ ಅಲ್ಲಿದೆ. ಅದರಲ್ಲಿ 120 ಕಾಣದಿದ್ದರೆ ಮೇಲಿನ ಮೆನುವಿಗೇ ವಾಪಸು ಹೋಗಬೇಕು. ಪಿಎಸ್‌5 ಬದಲು ಎಕ್ಸ್‌ಬಾಕ್ಸ್ ಕನ್ಸೋಲ್ ಇದ್ದವರಿಗೆ ‘4ಕೆ ಟಿವಿ ಡೀಟೇಲ್ಸ್’ ಎಂಬ ಪುಟವಿದೆ, ಸರಿ ಇದ್ದದ್ದಕ್ಕೆ ಹಸಿರು ಗುರುತು.

ಎರಡು ಅನುಮಾನ ಎಲ್ಲರಿಗೂ ಬರುತ್ತವೆ. ಹೋಮ್ ಪರದೆಯಲ್ಲಿ 60 ಎಂದೇ ತೋರಿಸಿದರೆ ಅದು ಸರಿಯೇ. 120 ಬರುವುದು ಅದಕ್ಕೆಂದು ಮಾಡಿದ ಗೇಮ್ ನಡೆಯುವಾಗ, ಹೆಚ್ಚಾಗಿ ‘ಪರ್ಫಾರ್ಮೆನ್ಸ್ ಮೋಡ್’ನಲ್ಲಿ. ಇನ್ನು 4ಕೆ 120ರಲ್ಲಿ ‘ವೈಯುವಿ 422’ ಎಂದು ಕಂಡರೆ ಕೇಬಲ್ ಕೆಟ್ಟಿಲ್ಲ. ಪಿಎಸ್‌5 ಹೊರಗೆ ಕಳಿಸುವುದೇ ಹೆಚ್ಚೆಂದರೆ 32 ಗಿಗಾಬಿಟ್, ಅದರಲ್ಲಿ ಹಿಡಿಸಲು ಬಣ್ಣದ ಮಾಹಿತಿಯನ್ನು ಕೊಂಚ ಒತ್ತುತ್ತದೆ. ಸೋಫಾದಿಂದ ಕಣ್ಣಿಗೆ ತಿಳಿಯದು.

ಏನೋ ಒತ್ತಿ ಪರದೆ ಪೂರಾ ಕಪ್ಪಾಯಿತೇ? ಕನ್ಸೋಲ್ ಆಫ್ ಮಾಡಿ. ಪವರ್ ಬಟನ್ನನ್ನು ಎರಡನೇ ‘ಬೀಪ್’ ಕೇಳುವ ತನಕ ಒತ್ತಿ ಹಿಡಿಯಿರಿ. ಸೇಫ್ ಮೋಡ್ ತೆರೆದುಕೊಳ್ಳುತ್ತದೆ. ಕಂಟ್ರೋಲರನ್ನು ಯುಎಸ್‌ಬಿ ವೈರಿನಿಂದ ಜೋಡಿಸಿ ‘ಚೇಂಜ್ ವಿಡಿಯೊ ಔಟ್‌ಪುಟ್’ ಆರಿಸಿ.

5. ಗೇಮ್ ಮೋಡ್, ಎಚ್‌ಡಿಆರ್. ಫಿಟ್ಟಿಂಗ್ ಹುಡುಗರಿಗೆ ‘ವಿವಿಡ್’ ಮೋಡ್ ಮೇಲೆ ವಿಪರೀತ ಪ್ರೀತಿ. ಅದರಲ್ಲಿ ಎಲ್ಲರ ಮುಖವೂ ಮದುವೆ ಆಲ್ಬಮ್ಮಿನ ಮುಖದಂತೆ ಹೊಳೆಯುತ್ತದೆ. ಜೊತೆಗೆ ಚಲನೆಯನ್ನು ನುಣುಪು ಮಾಡುವ ಸಂಸ್ಕರಣೆ ಓಡುತ್ತಿರುತ್ತದೆ, ಬ್ಯಾಟು ತಡವಾಗಿ ಏಳುವುದಕ್ಕೆ ಕಾರಣ ಅದೇ. ಕನ್ಸೋಲಿನ ಇನ್‌ಪುಟ್‌ಗೆ ಗೇಮ್ ಮೋಡ್ ಹಾಕಿ. ಒಳ್ಳೆಯ ಟಿವಿಗಳಲ್ಲಿ ವಿಳಂಬ 10 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ.

ಎಚ್‌ಡಿಆರ್ ಹೊಂದಿಸುವುದನ್ನು ರಾತ್ರಿ, ನೀವು ಆಡುವಾಗಿನ ಬೆಳಕಿನಲ್ಲೇ ಮಾಡಿ. ಮೊದಲು ಟಿವಿಯ ಟೋನ್ ಮ್ಯಾಪಿಂಗನ್ನು (ಎಚ್‌ಡಿಆರ್ ಬೆಳಕನ್ನು ಪರದೆಯ ಮಿತಿಗೆ ಹೊಂದಿಸುವ ಲೆಕ್ಕ) ‘ಎಚ್‌ಜಿಐಜಿ’ಗೆ, ಅಂದರೆ ಆ ಲೆಕ್ಕವನ್ನು ಕನ್ಸೋಲಿಗೇ ಬಿಡುವ ಆಯ್ಕೆಗೆ ಇಡಿ, ಅದು ಇದ್ದರೆ. ನಂತರ ಪಿಎಸ್‌5ನಲ್ಲಿ ‘ಅಡ್ಜಸ್ಟ್ ಎಚ್‌ಡಿಆರ್’. ಮೊದಲೆರಡು ಪರದೆಗಳಲ್ಲಿ ಚೌಕದೊಳಗಿನ ಚಿಹ್ನೆ ಮಾಯವಾದ ಕ್ಷಣಕ್ಕೆ ನಿಲ್ಲಿಸಿ. ಇನ್ನೆರಡು ಸಲ ಒತ್ತೋಣ ಎಂಬ ಆಸೆಗೆ ಬಿದ್ದರೆ ಬೆಳ್ಳನೆ ಮೋಡಗಳ ವಿವರವೆಲ್ಲ ಹೋಗುತ್ತದೆ. ಮೂರನೆಯದು ಕಪ್ಪಿನದು, ಓಎಲ್‌ಇಡಿಯಾದರೆ ಕೊನೆಯವರೆಗೂ ಇಳಿಸಿ. ಪಿಎಸ್‌5 ಗೇಮುಗಳಿಗೆ ಡಾಲ್ಬಿ ವಿಷನ್ (ಎಚ್‌ಡಿಆರ್‌ನ ಇನ್ನೊಂದು ಬಗೆ) ಇಲ್ಲ, ಅದನ್ನು ಹುಡುಕುತ್ತ ಕೂರಬೇಡಿ.

6. ಧ್ವನಿ. ಕನ್ಸೋಲ್ ನೇರ ಟಿವಿಗೆ, ಟಿವಿಯಿಂದ ಇಆರ್ಕ್ ಮೂಲಕ ಸೌಂಡ್‌ಬಾರಿಗೆ. ಸೌಂಡ್‌ಬಾರನ್ನು ನಡುವೆ ತೂರಿಸಿದರೆ ಹಲವು ಮಾದರಿಗಳಲ್ಲಿ 120 ಅಲ್ಲೇ ಸಾಯುತ್ತದೆ.

7. ಗೋಡೆಯ ಸ್ವಿಚ್. ಮಲಗುವಾಗ ಎಲ್ಲ ಸ್ವಿಚ್ ಆರಿಸಿದರೇ ಅವ್ವನಿಗೆ ನಿದ್ದೆ. ಪಿಎಸ್‌5 ಮೇಲೆ ಕಿತ್ತಳೆ ದೀಪ ಇದ್ದರೆ ಅದು ರೆಸ್ಟ್ ಮೋಡ್, ಅಂದರೆ ಪೂರ್ತಿ ಆಫ್ ಆಗಿಲ್ಲ, ಆಗ ಸ್ವಿಚ್ ಮುಟ್ಟಬಾರದೆಂದು ಅವರಿಗೆ ಹೇಳಿಡಿ. ಅದಕ್ಕಿಂತ ಪೂರ್ತಿ ಆಫ್ ಮಾಡುವ ರೂಢಿಯೇ ಲೇಸು. ಓಎಲ್‌ಇಡಿಯದು ಬೇರೆ ಲೆಕ್ಕ: ರಿಮೋಟಿನಿಂದ ಆರಿಸಿದ ಮೇಲೆ ಸ್ಟ್ಯಾಂಡ್‌ಬೈನಲ್ಲಿ ಅದು ಪರದೆಯನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಒಡನೆಯೇ ಗೋಡೆಯಲ್ಲಿ ಆರಿಸಿದರೆ ಆ ಕೆಲಸ ಆಗುವುದಿಲ್ಲ, ಸ್ಕೋರ್‌ಬೋರ್ಡಿನ ಕಲೆ ಪರದೆಯ ಮೇಲೆ ಉಳಿಯುವ ಭಯ ಹೆಚ್ಚು. ಹಾಗಾಗಿ ದಿನಾ ಟಿವಿಯ ಸ್ವಿಚ್ ಆನ್ ಇರಲಿ. ಏಪ್ರಿಲ್–ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲಿ ಮಾತ್ರ ಟಿವಿ, ಕನ್ಸೋಲ್ ಎರಡರ ಪ್ಲಗ್ಗನ್ನೂ ಕಿತ್ತಿಡಿ. ರೌಟರಿನಿಂದ ಬರುವ ಲ್ಯಾನ್ ವೈರು, ಡಿಶ್ಶಿನ ವೈರು ಎರಡನ್ನೂ ಮರೆಯದೆ ತೆಗೆಯಿರಿ.