ಸಾರ್ವಜನಿಕ ಆರೋಗ್ಯ ಓದಿದವರು ಕೌನ್ಸಿಲರ್ ಆದರೆ ಮೊದಲು ಕೈ ಹಾಕಬೇಕಾದ್ದು ಎಲ್ಲಿ?

ಸಾಂಕ್ರಾಮಿಕ ರೋಗಗಳ ಬಗ್ಗೆ ಪಿಎಚ್‌ಡಿ ಮಾಡಿದ್ದೀರಿ, ಈಗ ಸ್ಥಳೀಯ ಚುನಾವಣೆಯಲ್ಲಿ ಗೆದ್ದೂ ಬಿಟ್ಟಿದ್ದೀರಿ. ಎಲ್ಲರೂ ಸೇರಿ ನಿಮ್ಮನ್ನು ಆರೋಗ್ಯ ಸಮಿತಿಗೆ ತಳ್ಳುತ್ತಾರೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನೀರು-ಒಳಚರಂಡಿ ಸಮಿತಿ ಕೇಳಿ, ಅದು ಸಿಗದಿದ್ದರೆ ಹಣಕಾಸು ಸಮಿತಿ. ಜನರಿಗೆ ಕಾಯಿಲೆ ಬರುತ್ತದೋ ಇಲ್ಲವೋ ಅನ್ನೋದು ಜಾಸ್ತಿ ತೀರ್ಮಾನವಾಗುವುದು ಅಲ್ಲೇ.

ಇದೇನು ಹೊಸ ಮಾತಲ್ಲ. ಜರ್ಮನಿಯ ರುಡಾಲ್ಫ್ ವಿರ್ಕೋ ದೊಡ್ಡ ರೋಗಶಾಸ್ತ್ರಜ್ಞ. 1848ರಲ್ಲಿ ಆಗ ಪ್ರಷ್ಯಾಕ್ಕೆ ಸೇರಿದ್ದ ಅಪ್ಪರ್ ಸೈಲೀಸಿಯಾ ಪ್ರಾಂತ್ಯಕ್ಕೆ ಹೋಗಿ ಟೈಫಸ್ (ಹೇನಿನಿಂದ ಹರಡುವ ಜ್ವರ) ಪಿಡುಗನ್ನು ನೋಡಿ, ಇದಕ್ಕೆ ಬಡತನ ಮತ್ತು ಕೆಟ್ಟ ಆಡಳಿತವೇ ಕಾರಣ ಎಂದು ನೇರವಾಗಿ ಬರೆದರು. 1859ರಲ್ಲಿ ಬರ್ಲಿನ್ ನಗರಸಭೆಗೆ ಆಯ್ಕೆಯಾದ ಮೇಲೆ ಅವರು ಬೆನ್ನು ಹತ್ತಿದ್ದು ಒಳಚರಂಡಿಯನ್ನು. ಜೇಮ್ಸ್ ಹೋಬ್ರೆಕ್ಟ್ ಎಂಬ ಎಂಜಿನಿಯರ್ ರೂಪಿಸಿದ ಯೋಜನೆಯ ಕೆಲಸ ಶುರುವಾಗಿದ್ದು 1873ರಲ್ಲಿ. ವಿರ್ಕೋ ಗೆದ್ದು ಆಗಲೇ 14 ವರ್ಷ ಕಳೆದಿತ್ತು! ನಿಮ್ಮ ಅವಧಿ ಅಷ್ಟು ಉದ್ದ ಇರುವುದಿಲ್ಲ, ಆದ್ದರಿಂದ ಒಂದೋ ಎರಡೋ ಕೆಲಸ ಮಾತ್ರ ಹಿಡಿದುಕೊಳ್ಳಿ.

ನೀರಿನಿಂದಲೇ ಶುರು ಮಾಡಿ ಅಂತ ನನ್ನ ಸಲಹೆ. ಮೊದಲ ತಿಂಗಳಲ್ಲೇ ಕ್ಲೋರಿನ್ ಪರೀಕ್ಷೆಯ ರಿಜಿಸ್ಟರ್ ತರಿಸಿಕೊಂಡು ಕೂತು ಓದಿ. ಪ್ರತಿ ಸಾಲಿನಲ್ಲೂ ಒಂದೇ ಅಂಕಿ, ಒಂದೇ ಪೆನ್ನು, ರಜೆಯ ದಿನವೂ ಅದೇ ಹೊತ್ತು ಬರೆದಿದ್ದರೆ ಅದನ್ನು ಯಾರೋ ಕುರ್ಚಿಯಲ್ಲೇ ಕೂತು ತುಂಬಿಸಿದ್ದಾರೆ ಅಂತ ಅನುಮಾನ ಪಡಬಹುದು. ಅಂಕಿ ನಿಜವೇ ಇದ್ದರೂ ಮಾದರಿ ತೆಗೆದದ್ದು ಎಲ್ಲಿಂದ ಅಂತ ಕೇಳಿ. ಟ್ಯಾಂಕಿನ ಪಕ್ಕದ ನಲ್ಲಿಯಲ್ಲಿ ಕ್ಲೋರಿನ್ ಚೆನ್ನಾಗಿಯೇ ಇರುತ್ತದೆ. ನಿಮಗೆ ಬೇಕಾಗಿರುವುದು ಲೈನಿನ ಕಟ್ಟಕಡೆಯ ಮನೆಯ ನಲ್ಲಿ, ಅಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ನೀರಿನ ಇಲಾಖೆಯವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ನಲ್ಲಿ ನೀರಿಗೆ ಪರೀಕ್ಷೆಯ ಗುಳಿಗೆ ಹಾಕಿಸಿ. ಗುಲಾಬಿ ಬಣ್ಣ ಬಂದರೆ ಸರಿ, ಬಾರದಿದ್ದರೆ ಅಲ್ಲಿ ಕ್ಲೋರಿನ್ ಉಳಿದಿಲ್ಲ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರಾದರೆ ಇನ್ನೂ ಹುಷಾರಾಗಿರಿ. ಪೈಪಿನಲ್ಲಿ ಒತ್ತಡ ಇಳಿದಾಗ ಪಕ್ಕದ ಚರಂಡಿ ನೀರು ಬಿರುಕಿನೊಳಗೆ ನುಗ್ಗುತ್ತದೆ.

ದುಡ್ಡಿಲ್ಲ ಅಂತ ಯಾರಾದರೂ ಅಂದರೆ 1892ರ ಹ್ಯಾಂಬರ್ಗ್ ಕಥೆ ಹೇಳಿ. ಎಲ್ಬೆ ನದಿಯ ನೀರನ್ನು ಶೋಧಿಸದೆಯೇ ಜನರಿಗೆ ಬಿಟ್ಟ ಆ ನಗರದಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಸತ್ತರು. ಅದರ ಗಡಿಗೆ ಅಂಟಿಕೊಂಡೇ ಇದ್ದ ಆಲ್ಟೋನಾ ಎಂಬ ಊರು ಅದೇ ನದಿಯ ನೀರನ್ನು, ಅದೂ ಹ್ಯಾಂಬರ್ಗಿನ ಕೊಳಚೆ ಸೇರಿದ ನೀರನ್ನು, ಮರಳಿನಲ್ಲಿ ಶೋಧಿಸಿ ಕೊಡುತ್ತಿತ್ತು. ಅಲ್ಲಿ ಸತ್ತವರು ತೀರಾ ಕಡಿಮೆ.

ಸಭೆಯಲ್ಲಿ ಮಾತಾಡುವಾಗ ಪಿ-ವ್ಯಾಲ್ಯೂ, ರಿಲೇಟಿವ್ ರಿಸ್ಕ್‌ನಂಥ ಸಂಖ್ಯಾಶಾಸ್ತ್ರದ ಮಾತೆಲ್ಲ ಮನೆಯಲ್ಲೇ ಬಿಟ್ಟು ಬನ್ನಿ. ಯಾವ ಬೀದಿ, ಎಷ್ಟು ಮೀಟರ್ ಪೈಪು, ಎಷ್ಟು ಖರ್ಚು, ಯಾವ ಲೆಕ್ಕದ ಬಾಬತ್ತಿನಿಂದ: ಒಂದು ಪುಟದಲ್ಲಿ ಇಷ್ಟಿದ್ದರೆ ಸಾಕು. ಆ ಪುಟವನ್ನೂ ಸಭೆಯ ದಿನ ಎಲ್ಲರ ಮುಂದೆ ಹಿಡಿಯಬೇಡಿ, ಒಂದು ವಾರ ಮೊದಲೇ ಎಂಜಿನಿಯರಿಗೆ ತೋರಿಸಿ ಅವರು ಹೇಳಿದ ತಿದ್ದುಪಡಿ ಹಾಕಿಕೊಳ್ಳಿ. ಇಪ್ಪತ್ತು ವರ್ಷದಿಂದ ಅಲ್ಲೇ ಇರುವ ಗುಮಾಸ್ತರಿಗೆ ಯಾವ ವಾಲ್ವ್ ಕೆಟ್ಟಿದೆ, ಯಾವ ಫೈಲು ಎಲ್ಲಿ ಕೂತಿದೆ ಅನ್ನೋದು ನಿಮ್ಮ ಯಾವ ಸರ್ವೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ. ಹೊಸ ಕಾಮಗಾರಿಗೆ ಕೈ ಎತ್ತುವವರು ಬೇಕಾದಷ್ಟು ಜನ ಸಿಗುತ್ತಾರೆ, ಫಲಕದಲ್ಲಿ ಹೆಸರು ಬರುತ್ತಲ್ವಾ! ನಿರ್ವಹಣೆಯ ಹಣಕ್ಕೆ ಕೇಳುವವರಿಲ್ಲ. ಅದಕ್ಕೆ ನೀವೇ ಕೂಗಬೇಕು.

ಡೆಂಗಿ ಬಂದಾಗ ನಿಮ್ಮ ಓದಿಗೆ ನಿಜವಾದ ಪರೀಕ್ಷೆ. ಜನ ಹೊಗೆ ಯಂತ್ರ ಕೇಳುತ್ತಾರೆ. ಹೊಗೆ ಕಣ್ಣಿಗೆ ಕಾಣುತ್ತದೆ, ಫೋಟೋಗೂ ಚೆನ್ನಾಗಿರುತ್ತದೆ, ಆದರೆ ಅದು ಸಾಯಿಸುವುದು ಆ ಹೊತ್ತಿಗೆ ಹಾರಾಡುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಮರಿಗಳಿಗೆ ಏನೂ ಆಗದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆ ದೊಡ್ಡ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು, ಅದಕ್ಕೇ ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿ ಪಾತ್ರೆ ಉಜ್ಜಬೇಕು ಅನ್ನುವುದು. ಹೊಗೆ ಬೇಡವೇ ಬೇಡ ಅಂತ ಹಟ ಹಿಡಿದರೆ ಜನ ನಿಮ್ಮ ಮಾತು ಕೇಳುವುದನ್ನೇ ಬಿಡುತ್ತಾರೆ. ಬರಲಿ ಬಿಡಿ, ಅದರ ಜೊತೆಯಲ್ಲೇ ಮನೆ ಮನೆಗೆ ಹೋಗಿ ತೊಟ್ಟಿ ನೋಡುವ ತಂಡಕ್ಕೂ ಹಣ ಹಾಕಿಸಿ.

ಕಾಯಿಲೆ ಹಬ್ಬುತ್ತಿರುವಾಗ ಅಧಿಕೃತ ಅಂಕಿ ಕೊಡುವ ಕೆಲಸ ಆರೋಗ್ಯಾಧಿಕಾರಿಯದು. ಅವರ ಲೆಕ್ಕ ತಪ್ಪು ಅನ್ನಿಸಿದರೆ ಮೊದಲು ಅವರಿಗೇ ಫೋನ್ ಮಾಡಿ, ಆಮೇಲೆ ಲಿಖಿತವಾಗಿ ಕೇಳಿ. ಉತ್ತರ ಬಾರದಿದ್ದರೆ ಸಭೆಯಲ್ಲಿ ಎತ್ತಿ.

ಕೊನೆಯದಾಗಿ, ನಿಮ್ಮ ವಿಶ್ವವಿದ್ಯಾಲಯಕ್ಕೋ ನಿಮ್ಮ ಯೋಜನೆಗೋ ಹಣ ಹೋಗುವ ವಿಷಯ ಸಭೆಗೆ ಬಂದರೆ ಸಂಬಂಧ ಇದೆ ಅಂತ ಮೊದಲೇ ಹೇಳಿ, ಕಡತಕ್ಕೆ ಬರೆಸಿ, ಮತ ಹಾಕಬೇಡಿ. ದೂರು ಹೇಳಲು ಬಂದವರ ಕಾಯಿಲೆಯ ವಿವರವನ್ನು ನಿಮ್ಮ ಸಂಶೋಧನಾ ಪ್ರಬಂಧಕ್ಕೆ ಬಳಸಬೇಡಿ. ಅವರು ಬಂದಿದ್ದು ತಮ್ಮ ಪ್ರತಿನಿಧಿಯ ಹತ್ತಿರ. ಸಂಶೋಧನೆ ಮಾಡಲೇಬೇಕಿದ್ದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು, ನಿಮ್ಮ ಅಧಿಕಾರ ನಡೆಯದ ಬೇರೆ ಊರಿನಲ್ಲಿ ಮಾಡಿ.