ಮಳೆ ಸದ್ದಿನಲ್ಲಿ ರಿವರ್ಬ್ ತಿರುಗಿಸಬೇಡಿ

ಜುಲೈ ತಿಂಗಳ ಮಡಿಕೇರಿ. ಶೀಟ್ ಹೊದಿಸಿದ ಕೋಣೆಯಲ್ಲಿ ಕೂತು ಗಿಟಾರ್ ಸದ್ದನ್ನು ಬದಲಿಸುವ ಪ್ರೊಸೆಸರ್ ಪೆಟ್ಟಿಗೆಯಲ್ಲಿ ರಿವರ್ಬ್, ಅಂದರೆ ಸ್ವರದ ಹಿಂದೆ ಉಳಿಯುವ ಗುಂಗು, ಹೊಂದಿಸುತ್ತಿದ್ದೆ. ಸ್ವರದ ಬಾಲವನ್ನೆಲ್ಲ ಮಳೆಯೇ ನುಂಗುತ್ತಿತ್ತು. ಕೇಳಿಸುತ್ತಿಲ್ಲವಲ್ಲ ಎಂದು ಮಿಕ್ಸ್, ಅಂದರೆ ರಿವರ್ಬ್ ಬೆರೆಸುವ ಪ್ರಮಾಣ, ಏರಿಸುತ್ತಲೇ ಹೋದೆ. ವಾರದ ನಂತರ ವಿರಾಜಪೇಟೆ ಕಡೆಯ ಮದುವೆ ಹಾಲ್‌ನಲ್ಲಿ ಅದೇ ಪ್ಯಾಚ್ (ಸೇವ್ ಮಾಡಿಟ್ಟ ಹೊಂದಿಕೆ) ಒತ್ತಿದರೆ ಲೀಡ್, ಅಂದರೆ ಮುಂದೆ ಕೇಳಬೇಕಾದ ಮುಖ್ಯ ನುಡಿಕೆ, ಪೂರ್ತಿ ಕಲಸುಮೇಲೋಗರ. ‘ಎಂಥ ಮಾರಾಯ, ಬಾವಿಯೊಳಗೆ ಕೂತು ನುಡಿಸ್ತಿದ್ದೀಯಾ?’ ಎಂದ ಡ್ರಮ್ಸ್‌ನವನು.

ಹಾಗಾಗಿ ಮೊದಲು ಹೆಡ್‌ಫೋನ್ ಹಾಕಿಕೊಳ್ಳಿ, ಖಾಲಿ ಪ್ಯಾಚ್ ತೆರೆಯಿರಿ. ರಿವರ್ಬ್ ಬ್ಲಾಕನ್ನು ಸದ್ದು ಒರಟಾಗಿಸುವ ಡಿಸ್ಟಾರ್ಷನ್, ಆಂಪ್, ಸ್ವರವನ್ನು ಮತ್ತೆ ಕೇಳಿಸುವ ಡಿಲೇ ಎಲ್ಲ ಆದ ಮೇಲೆ, ಸಾಲಿನ ಕೊನೆಗೆ ಇಡಿ. ಮುಂದಿಟ್ಟರೆ ಡಿಸ್ಟಾರ್ಷನ್ ಆ ಬಾಲವನ್ನೂ ಹಿಡಿದು ಉಬ್ಬಿಸುತ್ತದೆ.

ಆಮೇಲೆ ಬಗೆ ಆರಿಸಿ. ‘ಸ್ಪ್ರಿಂಗ್’ ಎಂದರೆ 1960ರ ದಶಕದ ಫೆಂಡರ್ ಆಂಪ್‌ಗಳಲ್ಲಿ ನಿಜವಾದ ಸ್ಪ್ರಿಂಗ್ ಅಲುಗಿ ಹುಟ್ಟುತ್ತಿದ್ದ ಸದ್ದಿನ ನಕಲು. ‘ಪ್ಲೇಟ್’ನ ಮೂಲ 1957ರ ಜರ್ಮನಿಯ ಇಎಂಟಿ 140, ಚೌಕಟ್ಟಿಗೆ ತೂಗುಹಾಕಿದ ದೊಡ್ಡ ಉಕ್ಕಿನ ತಗಡು. ಅದನ್ನು ಎತ್ತಲು ನಾಲ್ಕಾಳು ಬೇಕಿತ್ತು, ನಮಗೆ ಬೆರಳು ಸಾಕು. ಹೊಸಬರು ‘ರೂಮ್’ ಅಥವಾ ‘ಪ್ಲೇಟ್’ನಿಂದ ಶುರುಮಾಡಿ. ಗುಂಗಿಗೆ ಮೇಲಿನ ಸ್ವರ ಬೆರೆಸುವ ‘ಶಿಮ್ಮರ್’ ಸದ್ಯಕ್ಕೆ ಮುಟ್ಟಬೇಡಿ.

ಬಹಳ ಜನ ತಿರುಗಿಯೂ ನೋಡದ ಗುಂಡಿ ಪ್ರಿ-ಡಿಲೇ. ನನ್ನ ಮಟ್ಟಿಗೆ ಗುಟ್ಟಿರುವುದೇ ಅದರಲ್ಲಿ. ಮೀಟಿದ ಸ್ವರಕ್ಕೂ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವು ಅದು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 30 ಮಿಲಿಸೆಕೆಂಡ್ ಎಂದರೆ ಐದು ಮೀಟರ್ ಆಚೆಯ ಗೋಡೆಗೆ ಬಡಿದು ವಾಪಸು ಬರುವಷ್ಟು ಹೊತ್ತು. ಲೀಡ್‌ಗೆ 20ರಿಂದ 40 ಇಟ್ಟು ನೋಡಿ. ಮೀಟು ಮೊದಲು ಸ್ಪಷ್ಟವಾಗಿ ಕೇಳುತ್ತದೆ, ಗುಂಗು ಹಿಂದಿನಿಂದ ಬರುತ್ತದೆ.

ಡಿಕೇ ಎಂದರೆ ಆ ಗುಂಗು ಅಡಗಲು ಹಿಡಿಯುವ ಸಮಯ. ನಿಧಾನದ ಹಾಡಿಗೆ ಎರಡೂವರೆ ಸೆಕೆಂಡ್ ಚಂದ. ಜನ ಕುಣಿಯುವ ವೇಗದ ಹಾಡಿಗೆ ಒಂದರ ಆಸುಪಾಸು ಸಾಕು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಅರ್ಧ ಸೆಕೆಂಡಿಗೊಂದು ಬೀಟ್ ಬೀಳುತ್ತದೆ, ಬಾಲ ಉದ್ದವಾದರೆ ಮುಂದಿನ ಕಾರ್ಡ್ ಮೇಲೆ ಕೂರುತ್ತದೆ.

ಮಿಕ್ಸನ್ನು ಸೊನ್ನೆಯಿಂದ ಮೆಲ್ಲಗೆ ಏರಿಸಿ. ‘ಹಾಂ, ರಿವರ್ಬ್ ಬಂತು’ ಅನಿಸಿದ ಕೂಡಲೇ ಸ್ವಲ್ಪ ಹಿಂದಕ್ಕೆ ತನ್ನಿ. ನನ್ನದು ಹೆಚ್ಚಾಗಿ 15–20 ಶೇಕಡಾದಲ್ಲಿ ನಿಲ್ಲುತ್ತದೆ. ರಿವರ್ಬ್‌ನ ತಗ್ಗು ಸದ್ದು ಕತ್ತರಿಸುವ ಲೋ ಕಟ್ ಇದ್ದರೆ 150 ಹರ್ಟ್ಸ್ ಸುತ್ತ ಇಡಿ, ಬೇಸ್ ಗಿಟಾರಿನವರ ಬೈಗುಳ ತಪ್ಪುತ್ತದೆ.

ಇಷ್ಟಾದರೂ ಹಾಲ್‌ಗೆ ಹೋದ ಮೇಲೆ ಇನ್ನೊಮ್ಮೆ ಕೇಳಲೇಬೇಕು. ಜನ ಬರುವ ಮುಂಚೆ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಗ್ರಾನೈಟ್ ನೆಲ, ಬೋಳು ಗೋಡೆ ತಾವೇ ಗುಂಯ್‌ಗುಟ್ಟಿದರೆ ಮಿಕ್ಸ್ ಅರ್ಧಕ್ಕೆ ಇಳಿಸಿ. ಜನ ತುಂಬಿದಾಗ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಆಗ ಕೊಂಚ ಏರಿಸಬಹುದು. ದಸರಾ ಹೊತ್ತಿನ ಮಡಿಕೇರಿ ಗಾಂಧಿ ಮೈದಾನದಂಥ ಬಯಲು ವೇದಿಕೆಯಲ್ಲಿ ಸದ್ದು ವಾಪಸು ತರುವ ಗೋಡೆಯೇ ಹತ್ತಿರ ಇರುವುದಿಲ್ಲ, ಅಲ್ಲಿ ಧಾರಾಳವಾಗಿರಿ. ನಾನು ‘ಹಾಲ್’, ‘ಬಯಲು’ ಎಂದು ಎರಡು ಪ್ಯಾಚ್ ಸೇವ್ ಮಾಡಿಟ್ಟಿದ್ದೇನೆ. ಮಳೆಯಲ್ಲಿ ಮಾಡಿದ್ದನ್ನು ಅಳಿಸಿಬಿಟ್ಟೆ.