ಕೊಲ್ಹಾರ ಬ್ರಿಜ್ ದಾಟುವ ತನಕ

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿ, ಕೆಲಸ ವಿಜಯಪುರದಲ್ಲಿ. ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹೋಗೋಕೆ ಹೆಚ್ಚು ಕಡಿಮೆ 2 ತಾಸು, ಬರೋಕೆ 2 ತಾಸು. ಮೊದಲೆಲ್ಲ ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಿದ್ದೆ. ಈಗ ಕೆಲವು ವರ್ಷದಿಂದ ಅದೇ ಹೊತ್ತಿನಲ್ಲಿ ಗುರುತು ಪರಿಚಯ ಇಲ್ಲದ ಆಲ್ಬಂ ಕೇಳುತ್ತೇನೆ. ಅಮೆರಿಕದ ಜಾಝ್, ಮಾಲಿ ದೇಶದ ಗಿಟಾರು, ಯಾವುದೋ ಭಾಷೆಯ ಯಾವುದೋ ಹಾಡು.

ಈ ಚಟ ಹಚ್ಚಿದವನು ನನ್ನ ಅಕ್ಕನ ಮಗ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ಟಿಳಕವಾಡಿಯಲ್ಲಿ ರೂಮು ಮಾಡಿಕೊಂಡಿದ್ದಾನೆ. ವಾರಕ್ಕೊಂದು ಲಿಂಕ್ ಕಳಿಸುತ್ತಾನೆ. ಅದರ ಕೆಳಗೆ ಒಂದೇ ಸಾಲು: "ಮಾಮಾ, ಪೂರ್ತಿ ಕೇಳ್ರಿ, ನಡುವ ಬಿಡಬ್ಯಾಡ್ರಿ."

ಸರಿ, ಪೂರ್ತಿ ಕೇಳಿದೆ. ಹಿಡಿಸಲಿಲ್ಲ. ಮುಂದೇನು? ಇನ್ನೊಮ್ಮೆ ಕೇಳಬೇಕಾ? ಹತ್ತು ಸಲ ಕೇಳಬೇಕಾ? ಎಲ್ಲಿಗೆ "ಸಾಕಪ್ಪಾ" ಅನ್ನಬೇಕು? ಇದಕ್ಕೆ ಒಂದು ಲೆಕ್ಕ ಕೂಡಿಸಿಕೊಳ್ಳೋಕೆ ನನಗೆ ಎರಡು ವರ್ಷ ಬೇಕಾಯಿತು. ಆ ಲೆಕ್ಕ ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲ್ಲ.

ಕ್ಯಾಸೆಟ್ಟಿನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1994ರಲ್ಲಿ ವಿಜಯಪುರದ ಒಂದು ಅಂಗಡಿಯಲ್ಲಿ ಭಜನೆ ಕ್ಯಾಸೆಟ್ ಅಂತ 35 ರೂಪಾಯಿ ಕೊಟ್ಟು ತಂದೆ. ಮನೆಗೆ ಬಂದು ಹಾಕಿದರೆ ಒಳಗೆ ಸರೋದ್! ಡಬ್ಬಿ ಒಂದು, ಒಳಗಿನ ಮಾಲು ಇನ್ನೊಂದು. ಬದಲಿಸಿ ಕೊಡಿ ಅಂದರೆ ಅಂಗಡಿಯವನು ಕೇಳಲಿಲ್ಲ. ನನಗೆ ಆಗ ಸರೋದ್ ಅಂದರೆ ಒಂದು ತಂತಿವಾದ್ಯ ಅಂತ ಕೂಡ ಸರಿಯಾಗಿ ಗೊತ್ತಿರಲಿಲ್ಲ. ಆದರೆ 35 ರೂಪಾಯಿ ಹೋಗಿತ್ತಲ್ಲ. ಬೇಸಿಗೆ ಪೂರ್ತಿ ಅದನ್ನೇ ಹಾಕಿದೆ. ಮಳೆಗಾಲ ಬರುವಷ್ಟರಲ್ಲಿ ಅದರ ಒಂದೊಂದು ಮೀಂಡೂ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾಯಿಪಾಠ ಆಗಿತ್ತು. ಇವತ್ತಿಗೂ ನನ್ನ ಹತ್ತಿರ ಇರುವ ಸಂಗೀತದಲ್ಲಿ ಅದೇ ಅತೀ ಪ್ರೀತಿಯದ್ದು. ಅದನ್ನು ತಾಳ್ಮೆ ಅಂತ ಕರೆಯೋಕೆ ನನಗೆ ನಾಚಿಕೆ. ಅದು ಶುದ್ಧ ಜಿಪುಣತನ.

ಈಗ ಜಿಪುಣತನಕ್ಕೆ ಜಾಗ ಇಲ್ಲ. ಫೋನಿನಲ್ಲಿ ಎಲ್ಲವೂ ಇದೆ. ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಲೆಕ್ಕದಲ್ಲಿ ಒಂದು ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದ ಹಾಗೆ. 30 ಸೆಕೆಂಡಿನಲ್ಲಿ ನಮ್ಮ ಕಡೆ ಗವಾಯಿಗಳು ತಂಬೂರಿ ಶ್ರುತಿ ಮಾಡಿ ಕೆಮ್ಮಿ ಕೂಡ ಮುಗಿದಿರಲ್ಲ. ಪಾರಿಜಾತ ಬಯಲಾಟ ನೋಡಿದವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ರಾತ್ರಿ ಶುರುವಾದರೆ ಬೆಳಗಿನ ತನಕ ಆಟ. ನಡುವೆ ಒಂದು ನಿದ್ದೆ ಮಾಡಿ ಎದ್ದು, ಚಹಾ ಕುಡಿದು, ಮತ್ತೆ ಬಂದು ಕೂತರೂ ಕೃಷ್ಣ-ಭಾಮೆಯ ಜಗಳ ಇನ್ನೂ ಮುಗಿದಿರಲ್ಲ. ಮೊದಲ ಅರ್ಧ ತಾಸು ನೋಡಿ "ಆಟ ಸರಿ ಇಲ್ಲ" ಅಂತ ಎದ್ದು ಹೋದವರನ್ನು ನಾನು ನೋಡಿಲ್ಲ.

ಹಾಗಾಗಿ ಮೊದಲು ಮಾಡಿದ್ದು ಸಮಯದ ಗಡಿ. ಬಾಗಲಕೋಟೆ ಬಿಟ್ಟು ಬೀಳಗಿ ಕ್ರಾಸ್ ದಾಟಿ ಕೊಲ್ಹಾರ ಬರುವಷ್ಟರಲ್ಲಿ ಒಂದು ಹಳೆಯ ಎಲ್‌ಪಿ (ಉದ್ದ ಹಾಡಿಕೆಯ ಗ್ರಾಮಾಫೋನ್ ತಟ್ಟೆ) ಆರಾಮಾಗಿ ಮುಗಿಯುತ್ತದೆ. 1948ರಲ್ಲಿ ಬಂದ ಎಲ್‌ಪಿಯ ಒಂದು ಮಗ್ಗುಲಿಗೆ ಸುಮಾರು 22 ನಿಮಿಷ, ಎರಡೂ ಸೇರಿ ಮುಕ್ಕಾಲು ತಾಸು. ಅದಕ್ಕಿಂತ ಮೊದಲಿನ 78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟುಗಳಲ್ಲಿ ಮಗ್ಗುಲಿಗೆ ಮೂರು ನಿಮಿಷದ ಆಚೀಚೆ ಅಷ್ಟೇ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಹಾಡಿದ್ದು ಆ ಮೂರು ನಿಮಿಷದೊಳಗೆ. ಕೇಳುವವರ ತಾಳ್ಮೆಯನ್ನು ಆ ತಟ್ಟೆಯೇ ತೀರ್ಮಾನ ಮಾಡಿಬಿಡುತ್ತಿತ್ತು. ಸಿಡಿ ಬಂದ ಮೇಲೆ 74 ನಿಮಿಷ ಸಿಕ್ಕಿತು, ಆಲ್ಬಂಗಳು ಉದ್ದ ಆದವು. ಅಂಥವನ್ನು ನಾನು ಎರಡು ಪಾಲು ಮಾಡುತ್ತೇನೆ. ಹೋಗುವಾಗ ಅರ್ಧ, ಬರುವಾಗ ಅರ್ಧ.

ನಿಯಮ ಇಷ್ಟೇ ಇತ್ತು: ಕೊಲ್ಹಾರದಲ್ಲಿ ಕೃಷ್ಣೆಯ ಬ್ರಿಜ್ ದಾಟುವ ತನಕ ಬಂದ್ ಮಾಡಬಾರದು. ದಾಟಿದ ಮೇಲೆ ನನ್ನಿಷ್ಟ.

ಇಷ್ಟು ಸಾಕಾಗಲ್ಲ ಅಂತ ತೋರಿಸಿದ್ದು ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಆಗಿ 1965ರಲ್ಲಿ ಬಂದ ಆಲ್ಬಂ. ನಾಲ್ಕು ಭಾಗ, ಒಟ್ಟು 33 ನಿಮಿಷ. ಅಳಿಯ ಕಳಿಸಿದ. ನಾನು ಕೇಳಿದೆ. ತಲೆನೋವು ಬಂತು. ಸ್ಯಾಕ್ಸೋಫೋನು ಕಿರುಚುತ್ತದೆ, ಡ್ರಮ್ಮು ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತದೆ. ಒಂದು ವಾರ ಕೇಳಿದೆ. ದಿನಕ್ಕೊಂದು ಥರ ಕೇಳಿಸುತ್ತಿತ್ತು. ಮೊದಲ ದಿನ ಶಾಂತವಾಗಿ ಶುರುವಾಗಿದ್ದು ಮರುದಿನ ಗಲಾಟೆಯಿಂದ ಶುರುವಾಯಿತು. ಇದೇನು ವಿಚಿತ್ರ ಅಂತ ಅಳಿಯನಿಗೆ ಫೋನ್ ಮಾಡಿದೆ.

"ಮಾಮಾ, ಷಫಲ್ ಬಟನ್ ಆನ್ ಐತೇನು ನೋಡ್ರಿ."

ಇತ್ತು. ಒಂದು ವಾರ ಪೂರ್ತಿ ನಾಲ್ಕು ಭಾಗಗಳನ್ನು ಕಲಸಿ ಕೇಳಿದ್ದೆ. ಜೋಳದ ರೊಟ್ಟಿಗೆ ಮೊದಲು ಪಲ್ಯ ಬಡಿದು ಆಮೇಲೆ ಹಿಟ್ಟು ನಾದಿದ ಹಾಗೆ.

ಷಫಲ್ ತೆಗೆದ ಮೇಲೂ ಸಿಟ್ಟು ಹೋಗಲಿಲ್ಲ. ಆಗ ಕೂತು ಯೋಚಿಸಿದೆ, ಯಾವ ಜಾಗದಲ್ಲಿ ಸಿಟ್ಟು ಬರುತ್ತದೆ ಅಂತ. ಮೊದಲ ಭಾಗದ ಕೊನೆಯ ಹತ್ತಿರ. ಅಲ್ಲಿ ಕೋಲ್ಟ್ರೇನ್ ನಾಲ್ಕು ಸ್ವರದ ಒಂದು ಸಣ್ಣ ತುಣುಕನ್ನು ಹಿಡಿದು ಅದನ್ನೇ ಬೇರೆ ಬೇರೆ ಶ್ರುತಿಗೆ ಸರಿಸುತ್ತಾ ಹೋಗುತ್ತಾನೆ. ಹನ್ನೆರಡೂ ಸ್ವರದ ಮನೆ ಸುತ್ತುತ್ತಾನೆ. ನನ್ನ ಕಿವಿ ಬೆಳೆದಿದ್ದು ಧಾರವಾಡ ಆಕಾಶವಾಣಿ ಕೇಳಿ. ಅಲ್ಲಿ ಷಡ್ಜ, ಅಂದರೆ 'ಸಾ', ಮನೆಯ ನಡುಗಂಬ. ಎಷ್ಟು ದೂರ ಹೋದರೂ ಅದು ನಿಂತಲ್ಲೇ ನಿಂತಿರುತ್ತದೆ, ಹಿಂದೆ ತಂಬೂರಿ ಅದನ್ನೇ ಹೇಳುತ್ತಿರುತ್ತದೆ. ಇವನು ಕಂಬವನ್ನೇ ಎತ್ತಿಕೊಂಡು ಓಡಾಡುತ್ತಾನೆ! "ಈ ಮನುಷ್ಯನಿಗೆ ಸಾ ತಪ್ಪಿದೆ" ಅಂತ ನನ್ನ ಕಿವಿ ಒಳಗೊಳಗೇ ಕೂಗುತ್ತಿತ್ತು. ಸಿಟ್ಟಿನ ಬೇರು ಅದು. ಗೊತ್ತಾದ ಕ್ಷಣ ಸಿಟ್ಟು ಅರ್ಧ ಇಳಿಯಿತು.

ಇನ್ನೊಂದು ತೊಡಕು ಬಸ್ಸಿನದು. ಆ ನಾಲ್ಕು ಸ್ವರದ ತುಣುಕನ್ನು ಮೊದಲು ಹಾಕಿಕೊಡುವುದು ಜಿಮ್ಮಿ ಗ್ಯಾರಿಸನ್‌ನ ಡಬಲ್ ಬೇಸ್ ಅನ್ನುವ ದೊಡ್ಡ ತಂತಿವಾದ್ಯ. ತೀರಾ ಕೆಳಗಿನ ದನಿ. ನಮ್ಮ ಬಸ್ಸಿನ ಎಂಜಿನ್ ಗುಂಯ್ ಅನ್ನುವುದೂ ಅದೇ ಕೆಳಗಿನ ದನಿಯಲ್ಲಿ. ಜೋರಾದ ಕೆಳದನಿ ಇದ್ದರೆ ಸಣ್ಣ ಕೆಳದನಿ ಅದರಲ್ಲಿ ಮುಳುಗಿಹೋಗುತ್ತದೆ. ಕಿವಿಗೆ ಸರಿಯಾಗಿ ಕೂರದ ಅಗ್ಗದ ಇಯರ್‌ಫೋನ್ ಆದರೆ ಮುಗಿದೇ ಹೋಯಿತು. ಅಂದರೆ ಇಡೀ ಆಲ್ಬಮ್ಮಿನ ಬೀಜವೇ ನನಗೆ ಒಂದು ಸಲವೂ ಕೇಳಿಸಿರಲಿಲ್ಲ. ಭಾನುವಾರ ಮನೆಯಲ್ಲಿ, ಫ್ಯಾನ್ ಬಂದ್ ಮಾಡಿ ಕೇಳಿದಾಗ ಸಿಕ್ಕಿತು. ಆ ನಾಲ್ಕು ಸ್ವರದ ಮೇಲೇ ಆಮೇಲೆ ಮನುಷ್ಯನ ದನಿ ಆಲ್ಬಂನ ಹೆಸರನ್ನು ಮತ್ತೆ ಮತ್ತೆ ಹೇಳುತ್ತದೆ. ನಮ್ಮ ಮಠದ ಸಪ್ತಾಹದ ನಾಮಸ್ಮರಣೆಯೇ! ಕೊನೆಯ ಭಾಗದಲ್ಲಿ ತಾಳದ ಓಟ ನಿಲ್ಲುತ್ತದೆ. ಕೋಲ್ಟ್ರೇನ್ ತಾನೇ ಬರೆದ, ಆಲ್ಬಂ ಕವರಿನಲ್ಲಿ ಅಚ್ಚಾದ ಪ್ರಾರ್ಥನೆಯ ಪದ್ಯವನ್ನು ಸ್ಯಾಕ್ಸೋಫೋನಿನಲ್ಲೇ ಮಾತು ಮಾತಾಗಿ ನುಡಿಸುತ್ತಾನೆ. ಅಳಿಯ ಆ ಪದ್ಯ ಕಳಿಸಿದ. ಓದುತ್ತಾ ಕೇಳಿದೆ. ಆ ದಿನ ಮಧ್ಯಾಹ್ನ ಊಟಕ್ಕೆ ಏಳೋಕೆ ತಡವಾಯಿತು, ಮನೆಯಾಕೆ ಬೈದಳು.

ಆಮೇಲೆ ನಿಯಮ ಬದಲಾಯಿತು. ಈಗ ಒಂದು ವಹಿ ಇಟ್ಟಿದ್ದೇನೆ, ಹಳೇ ಡೈರಿ. ಮೊದಲ ಸಲ ಬಸ್ಸಿನಲ್ಲಿ, ಬ್ರಿಜ್ ತನಕ. ಆಮೇಲೆ ಇಯರ್‌ಫೋನ್ ತೆಗೆದು ವಿಜಯಪುರ ಬರುವ ತನಕ ಸುಮ್ನೆ ಕೂರುತ್ತೇನೆ. ಕೊಲ್ಹಾರದಲ್ಲಿ ಗಡಿಗೆ ಮೊಸರು ಮಾರುವವರನ್ನು ನೋಡಿಕೊಂಡು, ಬೇಸಿಗೆಯಾದರೆ ಹಿನ್ನೀರು ಎಷ್ಟು ಇಳಿದಿದೆ ಅಂತ ನೋಡಿಕೊಂಡು. ಎರಡನೇ ಸಲ ಕಡ್ಡಾಯವಾಗಿ ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ. ಪ್ರತಿ ಸಲ ಮುಗಿದ ಮೇಲೆ ವಹಿಯಲ್ಲಿ ಒಂದೇ ಸಾಲು: ಹಿಂದಿನ ಸಲ ಕೇಳಿಸದ್ದು ಈ ಸಲ ಏನು ಕೇಳಿಸಿತು? ಬರೆಯೋಕೆ ಏನಾದರೂ ಇದ್ದರೆ ಇನ್ನೊಂದು ಸಲ ಕೇಳುತ್ತೇನೆ. ಏನೂ ಇಲ್ಲದಿದ್ದರೆ ಅಲ್ಲಿಗೆ ನಮಸ್ಕಾರ.

ಹಿಡಿಸಿತಾ ಇಲ್ಲವಾ ಅನ್ನೋದನ್ನು ಬರೆಯಲ್ಲ. ಅದಕ್ಕೊಂದು ಕಾರಣ ಇದೆ. 1968ರಲ್ಲಿ ರಾಬರ್ಟ್ ಝಾಯೊಂಟ್ಸ್ ಅನ್ನುವ ಮನಶ್ಶಾಸ್ತ್ರಜ್ಞ ಒಂದು ಪ್ರಯೋಗದ ವರದಿ ಪ್ರಕಟಿಸಿದ. ಅರ್ಥವೇ ಇಲ್ಲದ ಪದಗಳು, ಚೀನೀ ಅಕ್ಷರದಂಥ ಗೀಟುಗಳು, ಅಪರಿಚಿತರ ಮುಖಗಳು, ಇವನ್ನು ಜನರಿಗೆ ಮತ್ತೆ ಮತ್ತೆ ತೋರಿಸಿದ. ಯಾವುದನ್ನು ಜಾಸ್ತಿ ಸಲ ನೋಡಿದರೋ ಅದೇ ಜನರಿಗೆ ಚೆನ್ನಾಗಿ ಕಂಡಿತು. ನೋಡಿದ್ದಕ್ಕೆ ಇಷ್ಟ ಆಯಿತು, ಅಷ್ಟೇ. ಇದನ್ನು ಓದಿದ ಮೇಲೆ ನನಗೆ ನನ್ನ ಮೇಲೇ ಅನುಮಾನ ಶುರುವಾಯಿತು. ಹತ್ತು ಸಲ ಕೇಳಿದರೆ ಸೋಪಿನ ಜಾಹೀರಾತೂ ಇಂಪಾಗುತ್ತದೆ, ಅಲ್ವಾ? ಬಸ್ ಕಂಡಕ್ಟರನ ಫೋನಿನ ರಿಂಗ್‌ಟೋನನ್ನು ನಾನೇ ಗುನುಗಿದ್ದೇನೆ, ಅದು ಮಹಾನ್ ಸಂಗೀತ ಅಂತಲ್ಲ.

ಇದರಲ್ಲಿ ಒಂದು ಪೆಟ್ಟೂ ತಿಂದಿದ್ದೇನೆ. ಎಲ್ಲರೂ ಹೊಗಳಿದ ಒಂದು ಆಲ್ಬಮ್ಮನ್ನು ಒಂಬತ್ತು ಸಲ ಕೇಳಿದೆ. ಹೆಸರು ಬೇಡ, ಅದರ ಅಭಿಮಾನಿಗಳು ನಮ್ಮ ಮನೆಯಲ್ಲೇ ಇದ್ದಾರೆ. ಕೊನೆಗೆ ಹಿಡಿಸಿತು ಅಂದುಕೊಂಡೆ. ಒಂದು ತಿಂಗಳು ಬಿಟ್ಟು ನೆನಪು ಮಾಡಿಕೊಂಡರೆ ಒಂದು ಸಾಲೂ ಬರಲಿಲ್ಲ. ವಹಿ ತೆಗೆದು ನೋಡಿದೆ. ಎರಡನೇ ಸಲದಿಂದ ಒಂಬತ್ತನೇ ಸಲದವರೆಗೆ "ಚೆನ್ನಾಗಿದೆ" ಅಂತ ಮಾತ್ರ ಬರೆದಿದ್ದೆ. ಎಂಟು ಸಲ! ಹಳೇ ಚಪ್ಪಲಿ ಕಾಲಿಗೆ ಹೊಂದಿಕೊಂಡ ಹಾಗೆ ಅದು ಕಿವಿಗೆ ಹೊಂದಿಕೊಂಡಿತ್ತು. ಅವತ್ತಿನಿಂದ ವಹಿಯಲ್ಲಿ "ಚೆನ್ನಾಗಿದೆ" ಅನ್ನುವ ಪದ ಬಂದ್.

ಇನ್ನೊಂದು ಸೂಕ್ಷ್ಮ. ಬೇಸರ ಬೇರೆ, ಸಿಟ್ಟು ಬೇರೆ. ಬೇಸರ ಬಂದ ಆಲ್ಬಮ್ಮಿಗೆ ನಾನು ಎರಡು ಸಲಕ್ಕಿಂತ ಜಾಸ್ತಿ ಕೊಡಲ್ಲ. ಸಿಟ್ಟು ಬರಿಸಿದ್ದಕ್ಕೆ ನಾಲ್ಕು ಕೊಡುತ್ತೇನೆ. ಸಿಟ್ಟು ಬಂತು ಅಂದರೆ ನನ್ನ ಕಿವಿಯ ಯಾವುದೋ ರೂಢಿಗೆ ಅದು ಕೈ ಹಾಕಿದೆ. ಯಾವ ರೂಢಿ ಅಂತ ಹುಡುಕೋದರಲ್ಲೇ ಒಂದು ಮಜಾ ಇದೆ. ಬಹಳ ಸಲ ಉತ್ತರ ಇದೇ ಮೂರರಲ್ಲಿ ಒಂದು: ಸಾ ಜಾಗ ಬಿಟ್ಟಿದೆ, ಸಮ್ (ತಾಳದ ಮೊದಲ ಪೆಟ್ಟು) ಎಲ್ಲಿ ಅಂತ ಸಿಗುತ್ತಿಲ್ಲ, ಇಲ್ಲಾ ಒಂದೇ ಹೊತ್ತಿಗೆ ಎರಡು ಮೂರು ದನಿ ಮುಖ್ಯವಾಗಿವೆ. ನಮ್ಮಲ್ಲಿ ಗಾಯಕ ಒಬ್ಬ, ಉಳಿದವರು ಸಾಥಿ. ಅಲ್ಲಿ ಹಾಗಿರಬೇಕಂತೇನಿಲ್ಲ. ಯಾರನ್ನು ಹಿಡಿದು ನಡೆಯಬೇಕು ಅಂತ ತಿಳಿಯದೆ ಕಿವಿ ಜಾತ್ರೆಯಲ್ಲಿ ಕೈ ಬಿಟ್ಟ ಹುಡುಗನ ಹಾಗಾಗುತ್ತದೆ.

ನಾಲ್ಕು ಕೊಟ್ಟೂ ಕೈ ಚೆಲ್ಲಿದ್ದಿದೆ. ಅಮೆರಿಕದ ರಾಕ್ ಗಾಯಕ ಕ್ಯಾಪ್ಟನ್ ಬೀಫ್‌ಹಾರ್ಟ್‌ನ 'ಟ್ರೌಟ್ ಮಾಸ್ಕ್ ರೆಪ್ಲಿಕಾ', 1969ರದ್ದು. 28 ಹಾಡು, ಸುಮಾರು 79 ನಿಮಿಷ. ಗಿಟಾರು ಒಂದು ದಿಕ್ಕಿಗೆ, ಡ್ರಮ್ಮು ಇನ್ನೊಂದು ದಿಕ್ಕಿಗೆ, ಹಾಡುವವನು ಮೂರನೇ ದಿಕ್ಕಿಗೆ. ಬ್ಯಾಂಡಿನವರು ತಿಂಗಳುಗಟ್ಟಲೆ ಒಂದೇ ಮನೆಯಲ್ಲಿ ಇದನ್ನು ತಾಲೀಮು ಮಾಡಿದ್ದರಂತೆ. ಅಂದರೆ ತಪ್ಪಿ ಬಾರಿಸಿದ್ದಲ್ಲ, ಹೀಗೇ ಬರಲಿ ಅಂತ ಬಾರಿಸಿದ್ದು. ಗೌರವ ಬಂತು. ಮೂರನೇ ಸಲ ಎರಡು ಗಿಟಾರು ಬೇರೆ ಬೇರೆ ಕೇಳಿಸಿದವು, ಬರೆದೆ. ನಾಲ್ಕನೇ ಸಲ ಪೆನ್ನು ಹಿಡಿದು ಕೂತೆ, ಏನೂ ಬರಲಿಲ್ಲ. ಬಿಟ್ಟೆ. "ಇನ್ನ ಎರಡು ಸಲ ಕೇಳಿದ್ರ ತೆರೀತಿತ್ತು ಮಾಮಾ" ಅಂತ ಅಳಿಯ ಇವತ್ತಿಗೂ ಅನ್ನುತ್ತಾನೆ. ಇರಬಹುದು. ನನಗೆ ವಯಸ್ಸು 52. ಕೇಳಬೇಕಾದ್ದು ಇನ್ನೂ ಬಹಳ ಇದೆ.

ಈ ಲೆಕ್ಕ ಸರಿಯಾಗಿದೆಯಾ ಅಂತ ನೋಡೋಕೆ ಅದನ್ನು ಅಳಿಯನ ಮೇಲೇ ತಿರುಗಿಸಿದೆ. ಅವನು ದಿನಾ ಬೆಳಗಾವಿಯಲ್ಲಿ ಕುಮಾರ ಗಂಧರ್ವ ರಂಗಮಂದಿರದ ಮುಂದೆ ಬೈಕ್ ಓಡಿಸುತ್ತಾನೆ. ಕುಮಾರ ಗಂಧರ್ವ ಯಾರು ಅಂದರೆ ಗೊತ್ತಿಲ್ಲ. ಅಲ್ಲೇ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕರು, ಕ್ಷಯ ಬಂದು ವರ್ಷಗಟ್ಟಲೆ ಹಾಡು ನಿಂತು, ಮತ್ತೆ ಎದ್ದು ಬೇರೆಯೇ ಥರ ಹಾಡಿದವರು ಅಂತ ಹೇಳಿದೆ. ಅವರ ನಿರ್ಗುಣಿ (ರೂಪವಿಲ್ಲದ ದೇವರ) ಭಜನೆಗಳನ್ನು ಕಳಿಸಿದೆ. ನಾಲ್ಕು ಸಲ, ಪ್ರತಿ ಸಲ ಒಂದು ಸಾಲು, "ಚೆನ್ನಾಗಿದೆ" ಅನ್ನೋ ಹಾಗಿಲ್ಲ.

ಮೊದಲ ಸಲದ ಸಾಲು ವಾಟ್ಸಾಪಿನಲ್ಲಿ ಬಂತು: "ಮಾಮಾ, ಇದು ಶುರು ಯಾವಾಗ ಆಗ್ತದ?"

ಎರಡನೇ ಸಲ: "ಒಂದ ಸಾಲು ಯಾಕ ಇಷ್ಟು ಸಲ ಹೇಳ್ತಾರ?"

ನಾನು ಏನೂ ಉತ್ತರ ಕೊಡಲಿಲ್ಲ. ಮೂರನೇದು ಹತ್ತು ದಿನ ಬಿಟ್ಟು ಬಂತು. ರಾತ್ರಿ ಹನ್ನೊಂದೂವರೆ. "ಹಿಂದ ಏನೋ ಒಂದು ಸದ್ದು ಒಂದ ಸವನ ನಡದೈತಿ. ಇಷ್ಟು ದಿನ ಕೇಳಿಸೇ ಇರಲಿಲ್ಲ. ಏನದು?"

ತಂಬೂರಿ ಅಂತ ಬರೆದೆ. ಹಾಡು ಹೇಗಿತ್ತು ಅಂತ ಕೇಳಿದೆ.

"ಇನ್ನೂ ಹಾಡಿಗೆ ಬಂದಿಲ್ಲರಿ ಮಾಮಾ, ತಡೀರಿ."